ಕೆಸರಿಗಿಳಿದ ಹೊಸ ಕಾಲು

2002ನೇ ಇಸವಿಯ ಮಳೆಗಾಲ. ಖಾನಾಪುರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಭತ್ತದ ನಾಟಿ ಭರದಿಂದ ಸಾಗಿತ್ತು. ಊರಿನ ಹೆಂಗಸರೆಲ್ಲ ಗದ್ದೆಯಲ್ಲಿದ್ದರೆ ನಾನೊಬ್ಬಳೇ ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಕೂತಿರುತ್ತಿದ್ದೆ. ಎರಡು ವರ್ಷದ ಹಿಂದೆ ಪವರ್ ಟಿಲ್ಲರ್‌ಗೆ ಸಿಕ್ಕು ನನ್ನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿತ್ತು.

ಬೆಳಗಾವಿಯ ಡಾಕ್ಟರು ಹೊಸ ಕಾಲು ಹಾಕಿಕೊಟ್ಟಿದ್ದರು. ಸರ್ಕಾರದ ವಿಜ್ಞಾನಿಗಳು ಜನರ ತೆರಿಗೆ ಹಣದಲ್ಲಿ ಕಂಡುಹಿಡಿದ ಹಗುರವಾದ ಕಾಲು ಅದು. ಬರಿಗಾಲಲ್ಲೇ ನಡೆಯಬಹುದು, ಕುಕ್ಕರುಗಾಲಲ್ಲೂ ಕೂಡಬಹುದು. ಆದರೆ ನಮ್ಮ ಅತ್ತೆ ಅದನ್ನು ರೇಷ್ಮೆ ಸೀರೆಯ ಹಾಗೆ ಜೋಪಾನ ಮಾಡಿದರು. ಮದುವೆಗೆ, ಬೆಳಗಾವಿಗೆ ಹೋಗುವುದಕ್ಕೆ ಮಾತ್ರ ಹಾಕಿಕೊಳ್ಳಬೇಕು. ಉಳಿದ ದಿನ ಅರಿವೆಯಲ್ಲಿ ಸುತ್ತಿ ಗೂಟಕ್ಕೆ ತೂಗುಹಾಕಬೇಕು. ಹಾಳಾದರೆ ಮತ್ತೆ ಯಾರು ಕೊಡುತ್ತಾರೆ ಎಂದು ಅವರ ಭಯ. ನನಗೋ ಊರುಗೋಲು ಹಿಡಿದು ಓಡಾಡುವಾಗೆಲ್ಲ ಮೈ ಉರಿಯುತ್ತಿತ್ತು.

ಒಂದು ದಿನ ಡಾಕ್ಟರು ಜೀಪಿನಲ್ಲಿ ಬಂದರು. ಜೊತೆಗೆ ಕಾಂಬೋಡಿಯಾ ದೇಶದ ಸೋಖಾ ಎಂಬ ಹೆಂಗಸು. ಅಲ್ಲಿ ಯುದ್ಧಕಾಲದಲ್ಲಿ ಹುಗಿದ ಬಾಂಬುಗಳು ಗದ್ದೆಗಳಲ್ಲಿ ಇನ್ನೂ ಉಳಿದಿವೆ, ಕಾಲು ಕಳೆದುಕೊಂಡ ರೈತರು ಬಹಳ ಎಂದು ಡಾಕ್ಟರು ಹೇಳಿದರು. ಈ ಕಾಲನ್ನು ಅವರ ದೇಶದಲ್ಲೇ ತಯಾರಿಸಿಕೊಳ್ಳಲು ನಮ್ಮ ಸರ್ಕಾರ ಲಾಭದ ಆಸೆಯಿಲ್ಲದೆ ಲೈಸೆನ್ಸ್ ಕೊಡಲು ಒಪ್ಪಿತ್ತಂತೆ. ತೆಗೆದುಕೊಳ್ಳಬೇಕೋ ಬೇಡವೋ ಎಂದು ಅವರ ಕಡೆಯಿಂದ ಹೇಳಬೇಕಾದವಳು ಸೋಖಾ. ಅವಳಿಗಿದ್ದ ಅನುಮಾನ ಒಂದೇ, ಈ ಕಾಲು ಕೆಸರುಗದ್ದೆಯಲ್ಲಿ ನಡೆಯುತ್ತದೆಯೇ?

ಗದ್ದೆಯಿಂದ ಬುತ್ತಿ ಒಯ್ಯಲು ಬಂದಿದ್ದ ಅತ್ತೆ ಬಾಯಿ ತೆರೆಯುವ ಮೊದಲೇ ನಾನು, "ನಡ್ರಿ, ಈಗಿಂದೀಗ ನೋಡೇ ಬಿಡೂಣು" ಎಂದು ಗೂಟದಿಂದ ಕಾಲು ಇಳಿಸಿ ಹಾಕಿಕೊಂಡೆ.

ಗದ್ದೆಯಲ್ಲಿದ್ದವರೆಲ್ಲ ಕೆಲಸ ಬಿಟ್ಟು ನಿಂತರು. ಬದುವಿನ ಮೇಲೆ ಕೂತ ಸೋಖಾ ತನ್ನ ಪ್ಯಾಂಟನ್ನು ಸ್ವಲ್ಪ ಮೇಲೆತ್ತಿ ತೋರಿಸಿದಳು. ಅವಳದೂ ಒಂದು ಕೃತಕ ಕಾಲು! ಬೂಟಿಲ್ಲದೆ ನಡೆಯಲಾಗದ ಭಾರದ ಕಾಲು. ಹುಡುಗಿಯಾಗಿದ್ದಾಗ ಅಪ್ಪನ ಗದ್ದೆಯಲ್ಲೇ ಕಾಲು ಹೋಯಿತಂತೆ. ಅಂದಿನಿಂದ ಕೆಸರು ಮುಟ್ಟಿಲ್ಲವಂತೆ.

ಸೀರೆ ಎತ್ತಿಕಟ್ಟಿ ಇಳಿದೆ. ಎರಡು ಹೆಜ್ಜೆ ಸಲೀಸಾಗಿ ಇಟ್ಟೆ. ಮೂರನೆಯದಕ್ಕೆ ಎಡಗಾಲು ಹೂತುಕೊಂಡಿತು. ಎಳೆದಷ್ಟೂ ಕೆಸರು ಒಳಗೇ ಎಳೆಯಿತು. ಕಾಲು ಕಳಚಿ ಅಲ್ಲೇ ಉಳಿದರೆ ನನ್ನ ಗದ್ದೆ ಕೆಲಸವೂ ಮುಗಿಯಿತು, ಸೋಖಾಳ ಜನರ ಆಸೆಯೂ ಮುಗಿಯಿತು ಎಂದು ಬೆವತುಹೋದೆ. ನನ್ನನ್ನು ಎಳೆಯಲು ಕೆಸರಿಗಿಳಿಯಬೇಕೆಂದು ಡಾಕ್ಟರು ಬೂಟು ಬಿಚ್ಚತೊಡಗಿದರು.

ಆಗ ಬದುವಿನ ಮೇಲಿಂದ ಅತ್ತೆ ಕೂಗಿದರು: "ಗಂಗೂ, ಸೀದಾ ಜಗ್ಗಬ್ಯಾಡ. ಹಿಮ್ಮಡ ಮೊದಲ ಎತ್ತು."

ಅದೇ ಹೊತ್ತಿಗೆ ಸೋಖಾ ಕೂಡ ತನ್ನ ಭಾಷೆಯಲ್ಲಿ ಏನೋ ಕೂಗುತ್ತಾ, ತನ್ನ ಒಳ್ಳೆಯ ಕಾಲಿನ ಹಿಮ್ಮಡವನ್ನು ಎತ್ತೆತ್ತಿ ತೋರಿಸುತ್ತಿದ್ದಳು. ಕೆಸರಲ್ಲಿ ಬೆಳೆದವರಿಗೆಲ್ಲ ಇದು ಗೊತ್ತು. ಆ ಕಾಲಿಗೂ ಹಿಮ್ಮಡ ಇದೆ ಎನ್ನುವುದನ್ನೇ ನಾನು ಮರೆತಿದ್ದೆ. ಮುಂದಕ್ಕೆ ಬಾಗಿದೆ. ಬೆರಳಿನ ಹತ್ತಿರ ಪಾದ ನಿಜವಾದ ಪಾದದಂತೆಯೇ ಬಗ್ಗಿತು, ಹಿಮ್ಮಡ ಮೇಲೆದ್ದಿತು, ಪಚಕ್ಕನೆ ಕಾಲು ಹೊರಗೆ ಬಂತು.

ಹೆಂಗಸರು ಕೇಕೆ ಹಾಕಿದರು. ನಾನು ಒಂದು ಕಟ್ಟು ಸಸಿ ಇಸಿದುಕೊಂಡು ಆ ಬದುವಿನಿಂದ ಈ ಬದುವಿನವರೆಗೆ ಒಂದು ಸಾಲು ನೆಟ್ಟೇಬಿಟ್ಟೆ. ನಾಳೆಯಿಂದ ನೀನೂ ನಾಟಿಗೆ ಬಾ ಎಂದು ಅತ್ತೆಯೇ ಹೇಳಿದರು. ಆ ಖುಷಿಯನ್ನು ಹೇಗೆ ಹೇಳಲಿ, ಕುಣಿಯುವುದೊಂದು ಬಾಕಿ ಇತ್ತು.

ಮೇಲೆ ಬಂದಾಗ ಸೋಖಾ ತಾನೇ ನೀರು ಹಾಕಿ ನನ್ನ ಕಾಲು ತೊಳೆದಳು. ಪಾದವನ್ನು ಬಗ್ಗಿಸಿ ಬಗ್ಗಿಸಿ ನೋಡಿ, ಲೈಸೆನ್ಸ್ ತೆಗೆದುಕೊಳ್ಳುತ್ತೇವೆ ಎಂದು ಡಾಕ್ಟರಿಗೆ ಹೇಳಿದಳು. ಆಮೇಲೆ ಡಾಕ್ಟರ ಮೂಲಕ ನನ್ನನ್ನು ಮೆಲ್ಲಗೆ ಇನ್ನೊಂದು ಮಾತು ಕೇಳಿದಳು. ಕೆಸರಿನ ತಂಪು ಗೊತ್ತಾಯಿತೇ ಅಂತ.

"ಈ ಕಾಲಿಗೆ ಗೊತ್ತಾಗಲಿಲ್ರಿ" ಎಂದೆ. "ಬಾಜೂದ್ದಕ್ಕ ಗೊತ್ತಾತು. ಒಂದಕ್ಕ ಗೊತ್ತಾದ್ರ ಸಾಕು."

ಡಾಕ್ಟರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಸೋಖಾ ತನ್ನ ಒಳ್ಳೆಯ ಕಾಲಿನ ಬೂಟು, ಕಾಲುಚೀಲ ಬಿಚ್ಚಿಟ್ಟು, ಬದುವಿನ ಅಂಚಿಗೆ ಸರಿದು, ಆ ಪಾದವನ್ನು ನಮ್ಮ ಗದ್ದೆಯ ಕೆಸರಿಗೆ ಇಳಿಬಿಟ್ಟು ಕಣ್ಣು ಮುಚ್ಚಿದಳು. ಇವತ್ತಿಗೂ ನಾಟಿಗೆ ಇಳಿದಾಗ ಆ ಮುಖ ನೆನಪಾಗುತ್ತದೆ.