ಧೂಳಿನ ಮೇಲೆ ಹೊರಿಸಿದ ಅಪವಾದ

ಸಿಮೆಂಟ್ ಫ್ಯಾಕ್ಟರಿಯ ಊರಾದ ವಾಡಿಯಲ್ಲಿ ಯಾರಾದರೂ ಕೆಮ್ಮಿದರೆ ಸಾಕು, ಡಾಕ್ಟರು ಮುಖ ಎತ್ತಿ ನೋಡುವ ಮೊದಲೇ ಧೂಳು ಎಂದು ಬರೆದುಬಿಡುತ್ತಾರೆ. ಮಾಳಿಗೆ, ಬೇವಿನ ಎಲೆ, ಒಣಹಾಕಿದ ಅರಿವೆ, ಎಲ್ಲದರ ಮೇಲೂ ಸಿಮೆಂಟಿನ ಬೂದಿ ಕೂತಿರುವಾಗ ಅದನ್ನು ಸುಳ್ಳೆನ್ನುವ ಧೈರ್ಯ ಯಾರಿಗಿದೆ? ಧರ್ಮಣ್ಣನಿಗೂ ಇರಲಿಲ್ಲ. ಹದಿನಾರು ವರ್ಷ ಸಿಮೆಂಟ್ ಚೀಲ ಹೊತ್ತ ಹೆಗಲು ಅವನದು. ಗುತ್ತಿಗೆಯ ಕೆಲಸವೇ ಆದರೂ ಲೋಡಿಂಗ್ ಗ್ಯಾಂಗಿನಲ್ಲಿ ಅವನ ಜಾಗ ಅವನದೇ. ಆ ಜಾಗ ಕೈತಪ್ಪಬಾರದೆಂದೇ ನಾಲ್ಕು ವರ್ಷ ಊರೂರು ತಿರುಗಿ ತನ್ನ ರೋಗಕ್ಕೊಂದು ಹೆಸರು ಕೇಳಿದ.

ವಾರಕ್ಕೆ ಒಂದೆರಡು ಸಲ ಬರುವ ರೋಗ. ಮಧ್ಯಾಹ್ನ ಉಂಡು ಮತ್ತೆ ಚೀಲಕ್ಕೆ ಕೈ ಹಚ್ಚುವಷ್ಟರಲ್ಲಿ ಮೈತುಂಬ ದದ್ದು ಏಳುತ್ತಿದ್ದವು. ತುಟಿ ಉಬ್ಬಿ, ಗಂಟಲು ಬಿಗಿದು, ಉಸಿರು ಸೀಟಿ ಹೊಡೆಯುತ್ತಿತ್ತು. ರಜೆಯ ದಿನ ಮಾತ್ರ ಏನೂ ಇಲ್ಲ. ಧೂಳಲ್ಲದೆ ಮತ್ತೇನು ಎಂದರು ಶಹಾಬಾದಿನ ಡಾಕ್ಟರು. ಸೇಡಂನವನು ರಕ್ತ ಕೆಟ್ಟಿದೆಯೆಂದು ಬದನೆಕಾಯಿ ಬಿಡಿಸಿದ. ಚಿತ್ತಾಪುರದವನು ಟೆನ್ಷನ್ ಎಂದಾಗ ಧರ್ಮಣ್ಣ ಟೇಬಲ್ ಗುದ್ದಿ, ತುಟಿಗೂ ಟೆನ್ಷನ್ ಆಗುತ್ತದೇನು ಎಂದು ಕೂಗಾಡಿ ಬಂದ.

ಮನೆಯಲ್ಲಿ ಹೆಂಡತಿ ಭೀಮಬಾಯಿ ಅವ್ವಂದಿರ ಕಾಲದ ಮದ್ದು ಮಾಡುತ್ತಿದ್ದಳು. ಅಗಸಿ ಬೀಜ ಅರೆದು, ಬಿಸಿ ಮಾಡಿ, ಎದೆಗೆ ಪಟ್ಟು ಕಟ್ಟುತ್ತಿದ್ದಳು. ದದ್ದು ಇನ್ನೂ ಹೆಚ್ಚಾದರೆ, ಒಳಗಿನದು ಹೊರಬೀಳುತ್ತಿದೆ ಎಂದು ಓಣಿಯ ಮುದುಕಿಯರು ಧೈರ್ಯ ಹೇಳುತ್ತಿದ್ದರು.

ಒಂದು ದಿನ ಅವನು ಚೀಲಗಳ ಮೇಲೆಯೇ ಬಿದ್ದ. ಎದ್ದಾಗ ಸೂಪರ್‌ವೈಸರ್ ಸುರೇಶಕುಮಾರ ಕಾಗದ ಹಿಡಿದು ನಿಂತಿದ್ದ.

“ನೀ ಇಲ್ಲೇ ಸತ್ರ ನಾ ಯಾರಿಗಿ ಉತ್ತರ ಕೊಡ್ಲಿ, ಧರ್ಮಣ್ಣ? ಧೂಳ ನನಗ ಆಗಂಗಿಲ್ಲ, ಕೆಲಸ ಬಿಡ್ಲಿಕತ್ತೀನಿ ಅಂತ ಸಹಿ ಮಾಡು. ಆರಾಮಾದ ಮ್ಯಾಲ ಬಾ, ನಿನ್ ಜಾಗ ಎಲ್ಲಿ ಹೋಗ್ತದ?”

ಮೂರನೆಯ ಇಯತ್ತೆ ಕಲಿತವನು ಅಕ್ಷರ ಕೂಡಿಸಿ ಕೂಡಿಸಿ ಸಹಿ ಮಾಡಿದ.

ಒಳ್ಳೆಯ ಗಾಳಿ ಬೇಕೆಂದರು. ಚಿಂಚೋಳಿಯ ಅಡವಿ ಬದಿಗೆ ಅಕ್ಕನ ಮನೆಗೆ ಹೋದ. ಮೂರು ದಿನ ಚಂದಿದ್ದ. ನಾಲ್ಕನೆಯ ದಿನ ಅಕ್ಕನ ಹೊಲದ ಮರದ ಕೆಳಗೆ ಬುತ್ತಿ ಬಿಚ್ಚಿ ಉಂಡ. ಸುತ್ತ ಹಸಿರು, ಧೂಳಿನ ಸುಳಿವಿಲ್ಲ. ಅಲ್ಲಿಯೇ ರೋಗ ಹಿಂದೆಂದೂ ಬಾರದಷ್ಟು ಜೋರಾಗಿ ಬಂತು. ಕಣ್ಣು ಮುಚ್ಚಿಹೋದವನನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು.

ಅಲ್ಲಿದ್ದವಳು ಮಹೆವಿಶ ಎಂಬ ಹರೆಯದ ಡಾಕ್ಟರ್. ಸೂಜಿ ಚುಚ್ಚಿ, ಅವನಿಗೆ ಉಸಿರು ಬಂದ ಮೇಲೆ ಸ್ಟೂಲ್ ಎಳೆದು ಕೂತಳು. ನಾಲ್ಕು ವರ್ಷದಲ್ಲಿ ಅವನೆದುರು ಕೂತ ಮೊದಲ ಡಾಕ್ಟರ್.

“ಏನ್ ಊಟ ಮಾಡಿದ್ರಿ?”

“ರೊಟ್ಟಿ.”

“ರೊಟ್ಟಿ ಜೋಡಿ?”

“ಏನಿಲ್ರೀ. ಹಿಂಡಿ.”

“ಹಿಂಡಿ ಅಂದ್ರ ಏನಿಲ್ಲೇನ್ರಿ? ಯಾವ ಹಿಂಡಿ?”

ಅಗಸಿ ಹಿಂಡಿ. ಹುರಿದ ಅಗಸಿಗೆ ಖಾರ, ಬೆಳ್ಳುಳ್ಳಿ ಹಾಕಿ ಕುಟ್ಟಿದ ಪುಡಿ. ಆ ಸೀಮೆಯಲ್ಲಿ ಅದನ್ನು ಊಟವೆಂದು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಉಪ್ಪಿನಂತೆ ಅದು. ಮನೆಯಲ್ಲಿ ಬಿಸಿ ಪಲ್ಯ, ಬೇಳೆ ಇರುತ್ತಿತ್ತು. ಪಲ್ಯ ಸಾಲದ ದಿನ ಫ್ಯಾಕ್ಟರಿಯ ಡಬ್ಬಿಗೆ ಮಾತ್ರ ಹಿಂಡಿ ಬೀಳುತ್ತಿತ್ತು, ಸೋರುವುದಿಲ್ಲ, ಹಳಸುವುದಿಲ್ಲ ಎಂದು.

ಅವಳು ಕಳಿಸಿದ ಕಲಬುರಗಿಯ ಆಸ್ಪತ್ರೆಯಲ್ಲಿ ಮುಂಗೈಗೆ ಸಾಲಾಗಿ ಧೂಳಿನದು, ಅಗಸಿಯದು ಎಂದು ಒಂದೊಂದು ಹನಿ ಹಾಕಿ ಸೂಜಿ ತಾಗಿಸಿ ನೋಡಿದರು. ಧೂಳಿನ ಚುಕ್ಕೆ ತಣ್ಣಗೆ ಕೂತಿತ್ತು. ಅಗಸಿಯದು ಹುಣಸೆಬೀಜದಷ್ಟು ಎದ್ದಿತ್ತು.

ಅಗಸಿಯ ಅಲರ್ಜಿ ಎಂದು ರೋಗಕ್ಕೆ ಹೆಸರು ಸಿಕ್ಕ ಖುಷಿಯಲ್ಲಿ ಧರ್ಮಣ್ಣ ಬಸ್ಸಿಳಿದು ಸೀದಾ ಫ್ಯಾಕ್ಟರಿ ಗೇಟಿಗೆ ಹೋದ. ಸುರೇಶಕುಮಾರ ಆಸ್ಪತ್ರೆಯ ಕಾಗದ ಓದಿ ನಕ್ಕ.

“ನಿನ್ ಸಹಿ ಧೂಳಿನ ಮ್ಯಾಲ ಅದ. ಹಿಂಡಿ ಮ್ಯಾಲ ಇಲ್ಲ. ನಿನ್ ಜಾಗಕ್ಕ ಬ್ಯಾರೆ ಮಂದಿ ಬಂದಾರ.”

ಅವನ ಕೊರಳಪಟ್ಟಿಗೆ ಧರ್ಮಣ್ಣ ಕೈ ಹಾಕಿದ. ವಾಚ್‌ಮನ್‌ಗಳು ಎಳೆದು ಹೊರಗೆ ತಳ್ಳಿದರು. ಇನ್ನು ಆ ಗೇಟಿಗೆ ಕಾಲಿಡುವಂತಿಲ್ಲ.

ಮನೆಯಲ್ಲಿ ಭೀಮಬಾಯಿ ಎಲ್ಲ ಕೇಳಿಸಿಕೊಂಡಳು. ಮಗಳ ಹೆಸರು ಹಿಡಿದೇ ಗಂಡನನ್ನು ಕರೆಯುವವಳು ಅವಳು.

“ಲುಂಬಿನಿ ಅಪ್ಪ, ಅಂದ್ರ ಈ ರೋಗ ನಾನೇ ಡಬ್ಬ್ಯಾಗ ಕಟ್ಟಿ ಕೊಟ್ನಾ?”

ಅವನಿಗೆ ಹಳೆಯದೊಂದು ನೆನಪಾಯಿತು. ಒಮ್ಮೆ ಅವಳು ಹಿಂಡಿ ಮರೆತಿದ್ದಳು. ಬರೀ ರೊಟ್ಟಿ ನಾಯಿಗೆ ಹಾಕು ಎಂದು ಡಬ್ಬಿಯನ್ನು ಅಂಗಳಕ್ಕೆ ಎಸೆದವನು ಅವನೇ. ಅಂದಿನಿಂದ ಪಲ್ಯವಿಲ್ಲದ ಒಂದು ದಿನವೂ ಅವಳು ಮರೆತಿರಲಿಲ್ಲ. ಅವಳು ಎದ್ದು, ಡಬ್ಬದಲ್ಲಿದ್ದ ಅಗಸಿಯನ್ನೆಲ್ಲ ಹಿತ್ತಿಲ ಗುಂಡಿಗೆ ಸುರಿದು ಬಂದಳು.

ಈಗ ಅವನು ಶಹಾಬಾದ್ ಕಡೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಮಷಿನ್ ಮುಂದೆ ನಿಲ್ಲುತ್ತಾನೆ. ಬೇರೆ ಯಾರೂ ಕೆಲಸಕ್ಕೆ ಕರೆಯಲಿಲ್ಲ. ದದ್ದಿಲ್ಲ, ತುಟಿ ಉಬ್ಬುವುದಿಲ್ಲ. ಡಬ್ಬಿಯಲ್ಲಿ ರೊಟ್ಟಿ, ಉಳ್ಳಾಗಡ್ಡಿ. ಆದರೆ ಮಳೆಗಾಲ ಕಳೆದಾಗಿನಿಂದ ಕೆಮ್ಮು ಹಿಡಿದಿದೆ, ಕಫದಲ್ಲಿ ಕಲ್ಲಿನ ಬಿಳಿಪು ಬರುತ್ತದೆ. ಡಾಕ್ಟರಿಗೆ ತೋರಿಸು ಎಂದು ಭೀಮಬಾಯಿ ದಿನಾ ಗಂಟು ಬೀಳುತ್ತಾಳೆ. ಇಂದೂ ಬಿದ್ದಳು.

“ತೋರಸ್ಲಿಕ್ಕೇನು,” ಎಂದ ಧರ್ಮಣ್ಣ, ತಲೆಗೆ ಟವೆಲ್ ಸುತ್ತಿಕೊಳ್ಳುತ್ತ. “ಈ ಸಲ ಧೂಳ ಅಂದ್ರ ಅದು ಖರೇನೇ ಇರ್ತದ.”

ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ಹೋದ.