ಬರ್ಮಾದವನ ಎಲೆ

ಬರ್ಮಾದ ಯುದ್ಧದಿಂದ ನಮ್ಮ ತಾತ ಊರಿಗೆ ತಂದದ್ದು ಎರಡೇ: ಒಂದು ಬಿಡದ ಕೆಮ್ಮು, ಇನ್ನೊಂದು ಜಪಾನಿನ ಸಿಪಾಯಿಯ ಬಾಕು. ಬಂದೂಕಿನ ಮೂತಿಗೆ ಸಿಕ್ಕಿಸುವಂಥದ್ದು, ಮೊಳದುದ್ದ, ಮರದ ಹಿಡಿ. ಉಡಿಗಾಲದ ನಮ್ಮ ಮನೆಯಲ್ಲಿ ಕೆಮ್ಮನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಬಾಕುವಿಗೆ ಮಾತ್ರ ಕಬ್ಬಿಣದ ಪೆಟ್ಟಿಗೆ, ಅದಕ್ಕೊಂದು ಬೀಗ.

ಅದರ ಕಥೆಯನ್ನು ತಾತ ಯಾವತ್ತೂ ಹೇಳಲಿಲ್ಲ. ಹೇಳುತ್ತಿದ್ದವನು ಗುಂಡ್ಲುಪೇಟೆಯಿಂದ ಈರುಳ್ಳಿ ಲಾರಿ ಓಡಿಸುತ್ತಿದ್ದ ಚಿಕ್ಕಪ್ಪ. ಕೇರಳದ ದಾರಿಯ ಒಂದೊಂದು ಟೀ ಅಂಗಡಿಯಲ್ಲೂ ತಾತ ಕೊಂದ ಜಪಾನಿನವರು ಹೆಚ್ಚುತ್ತಾ ಹೋಗುತ್ತಿದ್ದರು. ಕಥೆ ಕೇಳಿದವರ ಟೀ ದುಡ್ಡು ಕೊಡುತ್ತಿದ್ದವನೂ ಅವನೇ, ಹಾಗಾಗಿ ಯಾರೂ ಅಡ್ಡ ಬಾಯಿ ಹಾಕುತ್ತಿರಲಿಲ್ಲ. ಎದುರಿಗೆ ಈ ಮಾತು ಬಂದರೆ ತಾತ ಎಲಡಿಕೆ ಉಗಿಯಲು ಎದ್ದು ಹೋಗುತ್ತಿದ್ದರು. ದೊಡ್ಡ ಮನುಷ್ಯರ ವಿನಯ ಎಂದುಕೊಂಡಿದ್ದೆವು.

ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ನಮ್ಮಲ್ಲಿ ಒಂದು ಎಲೆ ಹೆಚ್ಚಿಗೆ ಬೀಳುತ್ತಿತ್ತು. ಬರ್ಮಾದಲ್ಲಿ ಸತ್ತವನೊಬ್ಬನಿಗೆ ಎಂದಷ್ಟೇ ತಾತ ಹೇಳಿದ್ದರು. ಜೊತೆಯಲ್ಲಿದ್ದ ಗೆಳೆಯನಿರಬೇಕೆಂದು ಎಲ್ಲರೂ ತಿಳಿದೆವು. ಆ ಎಲೆಗೆ ಅನ್ನ ಬಡಿಸುವ ಮೊದಲು ಒಂದು ಚೊಂಬು ನೀರಿಡಬೇಕು. ಅದು ತಾತನ ಕಟ್ಟಳೆ. ಯಾವ ತಾಯಿ ಹೆತ್ತ ಮಗನೋ ಎನ್ನುತ್ತಾ ಅಜ್ಜಿ ಅದಕ್ಕೆ ಒಬ್ಬಟ್ಟನ್ನೂ ಒಂದು ಹೆಚ್ಚೇ ಹಾಕುತ್ತಿದ್ದಳು. ಆಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವುದು. ಒಳಗೆ ಹಿರಿಯರು ಉಂಡರು ಎನ್ನಿಸಿದ ಮೇಲೆ ಅಜ್ಜಿ ಬಾಗಿಲು ತಟ್ಟಿ ತೆಗೆಯುತ್ತಿದ್ದಳು, ನಮಗೆ ಊಟ. ಬಾಕುವಿಗೆ ತಾತ ಎಣ್ಣೆ ಸವರುತ್ತಿದ್ದದ್ದೂ ಅದೇ ದಿನ. ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯಲಿಲ್ಲ.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಚಿಕ್ಕಪ್ಪ ಹೊಸ ಲಾರಿಯನ್ನು ಆಯುಧಪೂಜೆಗೆಂದು ಮನೆ ಮುಂದೆ ತಂದು ನಿಲ್ಲಿಸಿದ. ತಾತ ಬಾಕುವನ್ನು ಪೂಜೆಗೆ ಯಾವತ್ತೂ ಬಿಟ್ಟವರಲ್ಲ. ಇವನು ಸುಮ್ಮನಿರದೆ ಪೆಟ್ಟಿಗೆಯ ಬೀಗ ಮುರಿದ. ಬೂದುಗುಂಬಳಕ್ಕೆ ತೂತು ಕೊರೆದು ಕುಂಕುಮ ತುಂಬಿ, ಅದೇ ಬಾಕುವಿನಿಂದ ಕಡಿದ. ಲೋಡಿಂಗ್ ಹುಡುಗರು ಸಿಳ್ಳೆ ಹಾಕಿದರು. ಕೆಂಪು ನೀರು ತೊಟ್ಟಿಕ್ಕುವ ಬಾಕುವನ್ನು ಮೇಲೆತ್ತಿ ಅವನು ಜಗಲಿಯ ಮೇಲಿದ್ದ ತಾತನ ಕಡೆ ತಿರುಗಿ ನಕ್ಕ.

ತಾತ ಇಳಿದು ಬಂದು ಅದನ್ನು ಕಿತ್ತುಕೊಂಡು, ನೀರಿನ ತೊಟ್ಟಿಯ ಹತ್ತಿರ ಕೂತು ತೊಳೆಯತೊಡಗಿದರು. ಅಲಗಿನ ನಡುವಿನ ಗೆರೆಯೊಳಗೆ ಕೂತ ಕುಂಕುಮ ಬಿಡಲೇ ಇಲ್ಲ. ಉಗುರು ಹಾಕಿ ಕೆರೆದರು. ಕೆರೆಯುತ್ತಲೇ ಹೇಳಿದರು:

"ಆ ಜಪಾನಿನೋನು ಜ್ವರ ಬಂದು ಬಿದಿರುಮೆಳೆ ಒಳ್ಗೆ ಬಿದ್ದಿದ್ದ ಕಣ್ಲಾ. ಏಳಕ್ಕೂ ಆಯ್ತಿರ್ನಿಲ್ಲ. ನೀರು ಕೊಡು ಅಂತ ಕೈಸನ್ನೆ ಮಾಡ್ದ. ನನ್ ಬಾಟ್ಲಿ ತುಂಬ ನೀರಿತ್ತು. ಅವ್ನ ಸೊಂಟದಲ್ಲಿದ್ದ ಇದ್ನೇ ಕಿತ್ಕಂಡು ಅವ್ನಿಗೇ ಚುಚ್ಬುಟ್ಟೆ."

ಲೋಡಿಂಗ್ ಹುಡುಗರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದ ಅಜ್ಜಿ ತಟ್ಟೆಯನ್ನು ನೆಲಕ್ಕಿಟ್ಟು ಒಳಗೆ ಹೋದಳು. ಒಲೆ ಮುಂದೆ ಕೂತು ನನಗೆ ಹೇಳಿದಳು: "ಯಾವ ತಾಯಿ ಮಗ್ನೋ ಅಂತ ನಾನು ಅಂದಾಗೆಲ್ಲ, ಕೇಳ್ಕಂಡು ಸುಮ್ಗಿದ್ರಲ್ಲ."

ಅವತ್ತಿನಿಂದ ತಾತನಿಗೆ ಹೊತ್ತು ಹೊತ್ತಿಗೆ ಬಡಿಸಿ, ಹಿತ್ತಲಿಗೆ ಎದ್ದು ಹೋಗುತ್ತಿದ್ದಳು. ನಾನೂ ಏನು ಕಮ್ಮಿಯಲ್ಲ. ತಾತನೆಂದರೆ ನನಗೆ ಪ್ರಾಣ, ಅದು ಹೋಗಲಿಲ್ಲ. ಆದರೆ ಅವರು ಬೆಲ್ಲದ ಚೂರು ಚಾಚಿದರೆ ಆ ಕೈ ಕಂಡು ನನ್ನ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ಚಿಕ್ಕಪ್ಪ ಟೀ ಅಂಗಡಿಗಳಲ್ಲಿ ಈರುಳ್ಳಿ ಬೆಲೆಯ ಏರಿಳಿತದ ಮಾತಾಡುವುದನ್ನು ಕಲಿತ.

ಬೇಸಿಗೆಯಲ್ಲಿ ತಾತ ಚಾಮರಾಜನಗರದ ಆಸ್ಪತ್ರೆ ಸೇರಿದರು. ಕೆಮ್ಮು ಕಡೆಗೂ ಲೆಕ್ಕಕ್ಕೆ ಬಂತು. ಆಸ್ತಿಯ ಮಾತಿಲ್ಲ, ಮಕ್ಕಳ ಮಾತಿಲ್ಲ, ಅವರಿಗಿದ್ದದ್ದು ಒಂದೇ ಚಿಂತೆ. "ಆ ಎಲೆ ತಪ್ಪಿಸ್ಬ್ಯಾಡ ಕಣಮ್ಮಿ," ಎಂದು ಅಜ್ಜಿಯನ್ನು ಕೇಳಿದರು. ಅಜ್ಜಿ ಸೆರಗಿನಿಂದ ಅವರ ಬಾಯಿ ಒರೆಸಿದಳು. ಉತ್ತರ ಸಿಗದೆಯೇ ತಾತ ಹೋದರು.

ಮಹಾಲಯ ಬಂತು. ಆ ಎಲೆ ಬೀಳುತ್ತದೋ ಇಲ್ಲವೋ ಎಂದು ನಾವೆಲ್ಲ ಅಜ್ಜಿಯ ಕೈಯನ್ನೇ ನೋಡುತ್ತಿದ್ದೆವು. ಅಜ್ಜಿ ಅದನ್ನೇ ಮೊದಲು ಹಾಸಿದಳು. ಅಂಚಿನವರೆಗೆ ತುಂಬಿದ ಚೊಂಬು ಇಟ್ಟಳು. ಆಮೇಲೆ ತಾತನ ಎಲೆ. ಒಬ್ಬಟ್ಟು, ಅನ್ನ, ಸಾರು, ಎಲಡಿಕೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ನನ್ನ ಎದೆ ಹಗುರಾಯಿತು. ಅಜ್ಜಿ ಬಾಗಿಲೆಳೆದು, ಅದಕ್ಕೆ ಬೆನ್ನು ಕೊಟ್ಟು ಹೊರಗೆ ಕೂತಳು.

ಜಗಲಿಯ ಮೇಲಿದ್ದ ಬಿಸಿಲು ಬೀದಿಗೆ ಇಳಿಯಿತು. ಪಕ್ಕದ ಮನೆಗಳಲ್ಲಿ ಉಂಡು ಕೈ ತೊಳೆಯುವ ಸದ್ದು ಕೇಳಿಸಿತು. ಮಕ್ಕಳು ಹಸಿವಿಗೆ ರಾಗ ಎಳೆದವು. ಚಿಕ್ಕಪ್ಪ ತಡೆಯಲಾರದೆ, ಅಪ್ಪ ಉಂಡಿರುತ್ತಾರೆ, ಬಾಗಿಲು ತೆಗೆ ಎಂದ.

ಅಜ್ಜಿ ಕದಲಲಿಲ್ಲ.

"ಅವ್ನಿನ್ನೂ ನೀರು ಕುಡ್ದಿಲ್ಲ ಕಣ್ಲಾ," ಎಂದಳು. "ಅವ್ನು ಕುಡಿಯೋಗಂಟ ನಿಮ್ಮಪ್ಪ ಉಣ್ಕೂಡ್ದು."