ಅವ್ವ ಕುಳಿತ ಜಾಗ

ಮಲಪ್ರಭೆಯನ್ನು ಉಳಿಸುವ ಸರ್ಕಾರಿ ಯೋಜನೆ ನಮ್ಮೂರಿಗೆ ಬಂದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ನನ್ನ ಅಪ್ಪ. ಊರು ರಾಮದುರ್ಗ ತಾಲೂಕಿನದು, ನಮ್ಮ ಹೊಲ ಹೊಳೆಯ ದಂಡೆಗೇ ಇದೆ. ಒತ್ತುವರಿ ಹೋಗಬೇಕು, ಹೊಳೆ ಅಗಲವಾಗಬೇಕು, ಊರೊಳಗೆ ಮತ್ತೆ ನೆರೆ ನುಗ್ಗಬಾರದು ಎಂದು ಕಂಡವರ ಮುಂದೆಲ್ಲ ಹೇಳುತ್ತ ತಿರುಗಿದ. ಬೈಲಹೊಂಗಲದ ಗಂಡನ ಮನೆಯಲ್ಲಿದ್ದ ನನಗೂ ಫೋನಿನಲ್ಲಿ ಅದೇ ಮಾತು. ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು.

ಒತ್ತುವರಿ ಎಂದರೆ ದೂರದ ಯಾರೋ ದೊಡ್ಡವರದಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ದಂಡೆಯ ಹೊಲದವರೆಲ್ಲ ಬದುವನ್ನು ಒಂದಿಷ್ಟು ಮುಂದೆ ಸರಿಸಿ, ಒಳಗೆ ಸಿಕ್ಕ ಮಣ್ಣಿನಲ್ಲಿ ಬದನೆ, ಸೌತೆ ಹಾಕುತ್ತಿದ್ದರು. ಅಪ್ಪನೂ ಹಾಕಿದ. ಅದನ್ನು ಕಳವು ಎಂದು ಯಾರೂ ಅಂದುಕೊಂಡಿರಲಿಲ್ಲ. ಹೊಲ ಬೆಳೆಯಿತು ಎನ್ನುತ್ತಿದ್ದರು. ಅವ್ವ ತೀರಿಕೊಂಡಾಗ ಹೀಗೆ ಬೆಳೆದ ನೆಲದಲ್ಲೇ, ಅವಳು ಕಳೆ ತೆಗೆಯುತ್ತಿದ್ದ ಬದನೆ ಮಡಿಗಳ ಪಕ್ಕದಲ್ಲಿ ಮಣ್ಣು ಮಾಡಿದೆವು. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಕೂರಿಸಿ ಹೂಳುತ್ತಾರೆ, ಹೊಲವಿದ್ದವರು ತಮ್ಮ ಹೊಲದಲ್ಲೇ. ಮೇಲೊಂದು ಸಣ್ಣ ಕಲ್ಲಿನ ಕಟ್ಟೆ ಕಟ್ಟಿಸಿದ್ದೆವು.

ಅಳತೆಯವರು ಬಂದ ದಿನ ನಾನು ಊರಲ್ಲೇ ಇದ್ದೆ. ಹಳೆಯ ದಂಡೆ ಎಲ್ಲಿತ್ತೆಂದು ಕೇಳಿದಾಗ ಅಕ್ಕಪಕ್ಕದ ಹೊಲದವರು ತಮಗೆ ಬೇಕಾದ ಕಡೆ ಕೈ ತೋರಿಸಿದರು. ಅಪ್ಪ ಮಾತ್ರ ಅವ್ವನ ಕಟ್ಟೆಯನ್ನು ದಾಟಿ, ಹೊಲದೊಳಕ್ಕೆ ಹಿಂದೆ ನಡೆದು ನಿಂತ.

“ಇಲ್ಲಿತನಕ ಇತ್ತರಿ ಹೊಳಿ. ಮುಂದಿಂದೆಲ್ಲಾ ನಾವ ಒತ್ತಿಕೊಂಡಿದ್ದು.”

ಗುರುತಿನ ಕಲ್ಲು ಅಲ್ಲೇ ಬಿತ್ತು. ಅವ್ವ ಹೊಳೆಯ ಪಾಲಾದಳು. ನನಗೆ ಮೈಯೆಲ್ಲ ಉರಿದುಹೋಯಿತು.

“ಅವ್ವ ಅಲ್ಲೇ ಅದಾಳ ಅನ್ನೂದರ ನೆನಪಾಗಲಿಲ್ಲೇನು ನಿನಗ?” ಎಂದು ಎಲ್ಲರೆದುರೇ ಕೇಳಿದೆ.

“ನೆನಪಿತ್ತು. ಹೊಳಿ ಉಳೀಬೇಕು ಅಂತ ಊರ ತುಂಬ ಹೇಳಿದವ ನಾನ. ಈಗ ನನ್ನ ಹೊಲ ಬಿಟ್ಟು ಅನ್ನಲೇನು?”

ಆ ದಿನ ನಾನು ಅಪ್ಪನ ಜೊತೆ ಮಾತು ಬಿಟ್ಟೆ.

ಅಧಿಕಾರಿಗಳು ಒಳ್ಳೆಯವರೇ. ಬೇಕಿದ್ದರೆ ಅವಶೇಷ ತೆಗೆದು ಬೇರೆ ಕಡೆ ಇಡಿ, ಸಮಯ ಕೊಡುತ್ತೇವೆ ಎಂದರು. ಮಾತು ಬಿಟ್ಟಿದ್ದ ನಾನೇ ಹೋಗಿ ಅಪ್ಪನ ಮುಂದೆ ಅಂಗಲಾಚಿದೆ. ಅವನು ಒಪ್ಪಲಿಲ್ಲ.

“ಕುಂತಾಕಿನ್ನ ಎಬ್ಬಿಸೂದು ಬ್ಯಾಡವಾ,” ಎಂದ.

ಬದು ಒಡೆಯಲು ಜೆಸಿಬಿ ತಂದವನು ನಮ್ಮೂರ ಮುಸ್ಲಿಂ ಓಣಿಯವನು, ಅವ್ವನ ಕೈಯ ರೊಟ್ಟಿ ಉಂಡವನು. ಕಟ್ಟೆ ಕಂಡು ಯಂತ್ರ ನಿಲ್ಲಿಸಿ ಕೆಳಗಿಳಿದ. “ಕಾಕಾ, ಇದಕ್ಕ ನಾ ಮಷೀನ ಹಚ್ಚಂಗಿಲ್ಲ. ಕೈಲೆ ತಗಿಯೋಣ ಬರ್ರಿ,” ಎಂದ. ಇಬ್ಬರೂ ಕಟ್ಟೆಯ ಕಲ್ಲುಗಳನ್ನು ಒಂದೊಂದಾಗಿ ಬಿಡಿಸಿ ದಂಡೆಗೆ ಹೊತ್ತರು. ಸಿಟ್ಟಿನಲ್ಲಿ ದೂರ ನಿಂತಿದ್ದ ನಾನೂ ಕೊನೆಗೆ ಹೋಗಿ ಕೈ ಹಚ್ಚಿದೆ. ಕೆಳಗಿನ ಮಣ್ಣನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಬದು ಹೋಯಿತು.

ಆ ಮಳೆಗಾಲ ಹೊಳೆ ತುಂಬಿ ಹರಿಯಿತು, ಊರೊಳಗೆ ಬರಲಿಲ್ಲ. ಜನ ಅಪ್ಪನನ್ನು ಹೊಗಳಿದರು. ನನಗೆ ಅದನ್ನು ಕೇಳಲೂ ಆಗುತ್ತಿರಲಿಲ್ಲ.

ದಸರೆಗೆ ಮೊದಲು ಬರುವ ಮಹಾನವಮಿ ಅಮಾವಾಸ್ಯೆಗೆ ಸತ್ತ ಹಿರಿಯರಿಗೆ ಎಡೆ ಇಡುವುದು ನಮ್ಮ ಪದ್ಧತಿ. ಮೊದಲು ಕಟ್ಟೆಯ ಮೇಲೆ ಇಡುತ್ತಿದ್ದೆವು. ಈ ಸಲ ನಾನು ಹೋಳಿಗೆ ಮಾಡಿಕೊಂಡು ಹೋದೆ. ಅಪ್ಪ ಧೋತರ ಎತ್ತಿ ಕಟ್ಟಿ, ಎಡೆ ಹಿಡಿದು ನೀರಿಗಿಳಿದ. ಮೊಣಕಾಲಮಟ್ಟದ ನೀರಿನಲ್ಲಿ ನಿಂತು ಆಚೆ ಈಚೆ ನೋಡಿದ. ಸ್ವಲ್ಪ ಎಡಕ್ಕೆ ಸರಿದ, ಮತ್ತೆ ಹಿಂದೆ ಬಂದ, ಕಾಲಿನಿಂದ ಕೆಸರು ತಡವಿದ. ಗುರುತು ಹಿಡಿಯಲು ಅಲ್ಲಿ ಏನೂ ಉಳಿದಿರಲಿಲ್ಲ. ಅವನು ನನ್ನತ್ತ ತಿರುಗಿದಾಗ ಆ ಮುಖದಲ್ಲಿದ್ದಷ್ಟು ಗಾಬರಿಯನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

“ಯವ್ವಾ, ಇಲ್ಲೇನು ಆಕಿ?”

“ಹೂಂ ಅಪ್ಪಾ, ಅಲ್ಲೇ ಅದಾಳ,” ಎಂದೆ. ನನಗೂ ಗೊತ್ತಿರಲಿಲ್ಲ.